ಎರಡು ನಲವತ್ತೊಂದು

ಮೊದಲು ಕಂಡದ್ದು ಒಂದು ಹಳದಿ ಕೈಗವಸು.

ಕೆಳಗಿನ ಗೇಟಿನ ಆಪರೇಟರ್ ಕಾಲುವೆಯ ದಂಡೆಯ ಮೇಲೆ ನಿಂತಿದ್ದಳು. ರಬ್ಬರಿನ ಕೈಗವಸು ನೀರಿನ ಮೇಲೆ ತೇಲುತ್ತ ಬಂತು. ಬೆರಳುಗಳಲ್ಲಿ ಗಾಳಿ ತುಂಬಿಕೊಂಡಿತ್ತು. ದೂರದಿಂದ ಯಾರೋ ಕೈಯೆತ್ತಿ ಕರೆದ ಹಾಗೆ ಕಾಣುತ್ತಿತ್ತು. ಹಿಂದೆಯೇ ಉದ್ದ ಹಿಡಿಯ ಬ್ರಷ್ಷು ಬಂತು. ಎರಡೂ ಯಾರವೆಂದು ಅವಳಿಗೆ ಗೊತ್ತಿತ್ತು. ದಂಡೆಗುಂಟ ಸುರಂಗದ ಕಡೆಗೆ ಓಡಿದಳು.

ಅಣೆಕಟ್ಟಿನಿಂದ ಹೊರಟ ಕಾಲುವೆ ಗುಡ್ಡ ಅಡ್ಡ ಬಂದ ಕಡೆ ಸುರಂಗದೊಳಗೆ ನುಗ್ಗುತ್ತದೆ. ಸುರಂಗಕ್ಕೆ ಮೊದಲು ಒಂದು ಗೇಟು, ದಾಟಿದ ಮೇಲೆ ಇನ್ನೊಂದು. ಸುರಂಗದ ಕೊನೆಯಲ್ಲಿ ಕಬ್ಬಿಣದ ಜಾಲರಿ. ಕಸಕಡ್ಡಿ ಸಿಕ್ಕಿಕೊಳ್ಳುವುದು ಅಲ್ಲಿಯೇ. ನೀರು ನಿಲ್ಲಿಸಿದಾಗ ಒಳಗಿಳಿದು ಅದನ್ನು ತೆಗೆಯುವವನು ಮೀನಣ್ಣ. ಅದು ಅವನ ಅಡ್ಡಹೆಸರು. ಕಾಲುವೆಗೆ ಬಿದ್ದವರನ್ನೆಲ್ಲ ಬದುಕಿದ್ದರೂ ಸತ್ತಿದ್ದರೂ ಮೇಲೆ ತಂದವನು ಅವನೇ. ಹಾಗಾಗಿ ಆ ಹೆಸರು ಅಂಟಿಕೊಂಡಿತ್ತು.

ಈ ಸಲ ಅವನನ್ನು ಮೇಲೆ ತರಲು ಬೇರೆಯವರು ಬರಬೇಕಾಯಿತು. ಅವನು ಜಾಲರಿಗೆ ಒಳಗಿನಿಂದ ಒತ್ತಿಕೊಂಡಿದ್ದ. ಎರಡು ಕೈಗಳೂ ಸರಳುಗಳನ್ನು ಹಿಡಿದಿದ್ದವು. ಬಿಡಿಸಲು ಮೂವರು ಬೇಕಾದರು.

*

ಇನ್ಸ್‌ಪೆಕ್ಟರಿಗೆ ಠಾಣೆಯಲ್ಲಿ ನಿಧಾನಮ್ಮ ಎಂದು ಹೆಸರು. ಎದುರಿಗೆ ಯಾರೂ ಹೇಳುತ್ತಿರಲಿಲ್ಲ. ಆಕೆಗೆ ಅದು ಗೊತ್ತಿತ್ತು, ಬೇಸರವೂ ಇರಲಿಲ್ಲ. ಸುರಂಗದ ಪಕ್ಕದ ಕೋಣೆಗೆ ಬಂದವರು ಮೊದಲು ಯಾರನ್ನೂ ಮಾತಾಡಿಸಲಿಲ್ಲ. ಕೋಣೆಯನ್ನು ನೋಡುತ್ತ ನಿಂತರು.

ಒಂದು ಮೇಜು. ಒಂದು ಕಂಪ್ಯೂಟರ್. ಗೋಡೆಗೆ ರೇಡಿಯೊ. ಮೊಳೆಗೆ ನೇತುಹಾಕಿದ ಅಂಗಿ. ಮೂಲೆಯಲ್ಲಿ ಖಾಲಿ ಪೆಟ್ಟಿಗೆ.

"ಇದರಲ್ಲಿ ಏನಿತ್ತು?"

"ಕೊರೆಯೋ ಯಂತ್ರ, ಮೇಡಂ. ಜಾಲರಿ ಕಂಬಿ ಸಡಿಲ ಆಗಿತ್ತು. ಬಿಗಿ ಮಾಡೋಕೆ ತಗೊಂಡು ಹೋಗಿದ್ದ," ಎಂದ ಮೇಲ್ವಿಚಾರಕ.

ಮೇಲ್ವಿಚಾರಕ ಅಚ್ಚುಕಟ್ಟಾದ ಮನುಷ್ಯ. ಮಧ್ಯವಯಸ್ಸು. ಇಸ್ತ್ರಿ ಮಾಡಿದ ಅಂಗಿ ಇವತ್ತು ಒದ್ದೆಯಾಗಿತ್ತು. ಹೆಣ ಎತ್ತುವಾಗ ಅವನೂ ಕೈ ಜೋಡಿಸಿದ್ದ. ಕಣ್ಣು ಕೆಂಪಾಗಿದ್ದವು. ಮೀನಣ್ಣನಿಗೆ ಈ ಕೆಲಸ ಕೊಡಿಸಿದ್ದೇ ಅವನು ಎಂದು ಪೇದೆ ಬರುವಾಗಲೇ ಹೇಳಿದ್ದ.

"ಏನಾಯ್ತು ಹೇಳಿ."

"ಹೇಳೋದಕ್ಕೆ ಏನಿದೆ ಮೇಡಂ. ಮೇಲಿನ ಗೇಟು ಹತ್ತು ಗಂಟೆಗೆ ತೆಗೀಬೇಕು ಅಂತ ಆದೇಶ ಇತ್ತು. ತೆಗೆದ್ರು. ಇವನು ಒಳಗೇ ಇದ್ದ. ಮಧ್ಯಾಹ್ನ ಅಂದ್ಕೊಂಡಿರಬೇಕು."

"ಆದೇಶ ಎಲ್ಲಿದೆ?"

ಅವನು ಪರದೆಯತ್ತ ಕೈ ತೋರಿದ. ಪರದೆಯ ಮೇಲೆ ಒಂದೇ ಪುಟ. ತಲೆಯಲ್ಲಿ 'ಗೇಟು ಆದೇಶ, ನಲವತ್ತೆರಡನೆಯ ಆವೃತ್ತಿ' ಎಂದಿತ್ತು. ಕೆಳಗೆ: ಸುರಂಗದ ಎಲ್ಲ ಕೆಲಸ ನಿಲ್ಲಿಸಲಾಗಿದೆ.

"ಇದರಲ್ಲಿ ಹತ್ತು ಅಂತಿಲ್ಲವಲ್ಲ?"

"ಅದು ನಲವತ್ತೊಂದರಲ್ಲಿತ್ತು. ಇವತ್ತು ಈ ಅನಾಹುತ ಆದ ಮೇಲೆ ನಲವತ್ತೆರಡು ಹಾಕಿದ್ವಿ. ಹೊಸದು ಬಂದ್ರೆ ಹಳೇದು ಅಳಿಸಿಹೋಗುತ್ತೆ."

ಪಕ್ಕದಲ್ಲಿ ಮುಖ್ಯ ಇಂಜಿನಿಯರ್ ಕುರ್ಚಿಯಲ್ಲಿ ಕುಸಿದಿದ್ದರು. ವಯಸ್ಸಾದವರು.

"ಹತ್ತು ಅಂತ ಬರೆದದ್ದು ನಾನೇ," ಎಂದರು. "ಮೊದಲು ಮಧ್ಯಾಹ್ನ ಅಂತಿತ್ತು. ಕೆಳಗಿನ ಪಟ್ಟಣದಲ್ಲಿ ಕುಡಿಯೋ ನೀರು ಖಾಲಿ ಅಂತ ನಿನ್ನೆ ಸಂಜೆ ಸುದ್ದಿ ಬಂತು. ಅದಕ್ಕೇ ಎರಡು ಗಂಟೆ ಮುಂಚೆ ಮಾಡಿದೆ. ಬೆಳಿಗ್ಗೆ ಎಲ್ಲರಿಗೂ ತಲುಪಿರಬೇಕು."

"ನಲವತ್ತೆರಡು ಹಾಕಿ ಅಂದದ್ದು ನೀವಾ?"

"ಇಲ್ಲಮ್ಮ. ನಾನು ಬರೋಷ್ಟರಲ್ಲಿ ಇವರೇ ಹಾಕಿದ್ರು. ಹೆಣ ಇನ್ನೂ ಒಳಗಿತ್ತು. ನನಗೆ ಕೈಕಾಲೇ ಆಡ್ತಿರಲಿಲ್ಲ. ಇವರಿಗೆ ಅಷ್ಟಾದರೂ ಹೊಳೀತು."

ಇನ್ಸ್‌ಪೆಕ್ಟರ್ ತಲೆಯಾಡಿಸಿದರು. ಹೊರಗೆ ಗದ್ದಲ ಕೇಳಿಸಿತು. ಜನ ಮೇಲಿನ ಗೇಟಿನ ಆಪರೇಟರನ್ನು ಸುತ್ತುಗಟ್ಟಿದ್ದರು. ಅವನು ಮೀನಣ್ಣನ ಷಡ್ಡಕ. ಅಕ್ಕತಂಗಿಯರನ್ನು ಮದುವೆಯಾದವರು. ವರ್ಷದಿಂದ ಇಬ್ಬರಿಗೂ ಮಾತಿಲ್ಲವೆಂಬುದು ಎಲ್ಲರಿಗೂ ಗೊತ್ತು.

"ಬೇಕಂತಲೇ ತೆಗೆದಿದ್ದಾನೆ," ಎಂದಿತು ಒಂದು ದನಿ.

ಷಡ್ಡಕ ತಲೆ ತಗ್ಗಿಸಿ ನಿಂತಿದ್ದ. ಪೇದೆ ಅವನನ್ನು ಜೀಪಿಗೆ ಹತ್ತಿಸಿದ. ಅದು ಬಂಧನವೋ ರಕ್ಷಣೆಯೋ, ಪೇದೆಗೇ ಸರಿಯಾಗಿ ಗೊತ್ತಿರಲಿಲ್ಲ.

ಹೊರಡುವ ಮುಂಚೆ ಇನ್ಸ್‌ಪೆಕ್ಟರ್ ಕೈಗವಸು ಕಂಡವಳನ್ನು ಕರೆಸಿದರು. ಕೆಳಗಿನ ಗೇಟಿನ ಕಾಯಂ ಆಪರೇಟರ್ ರಜೆಯಲ್ಲಿದ್ದ. ಇವಳು ಬದಲಿ. ಮೂವತ್ತೈದರ ಆಸುಪಾಸು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಳು. ನೀರು ಬಂತು. ಕೈಗವಸು ಕಂಡೆ. ಓಡಿಬಂದೆ. ಅಷ್ಟೇ.

ಅವಳ ಕಾಲಿನಲ್ಲಿ ಗಂಡಸಿನ ದೊಡ್ಡ ಚಪ್ಪಲಿ ಇತ್ತು. ಎರಡು ಮೊಣಕೈಗಳೂ ತರಚಿದ್ದವು.

*

ಮೀನಣ್ಣನ ಮನೆ ಎರಡು ಕೋಣೆಯದು. ಅವನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಅಕ್ಕ ಪಕ್ಕದಲ್ಲಿದ್ದಳು. ಅಕ್ಕನ ಗಂಡ ಠಾಣೆಯಲ್ಲಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ತಪ್ಪು ಓದಿದ್ರು ಅಂತಾರೆ," ಎಂದಳು ಹೆಂಡತಿ. ದನಿ ಒಣಗಿತ್ತು. "ಅವರು ಒಂದು ಸಲ ಅಲ್ಲ, ಮೂರು ಸಲ ಓದ್ತಿದ್ರು ಮೇಡಂ. ಔಷಧಿ ಬಾಟ್ಲಿ ಮೇಲಿರೋದನ್ನೂ ಹಾಗೇ. ನಾನು ರೇಗಿಸ್ತಿದ್ದೆ, ಪರೀಕ್ಷೆ ಬರೀತೀರಾ ಅಂತ."

"ಆ ದಿನ ಏನಾದ್ರೂ ಹೇಳಿದ್ರಾ?"

"ಊಟಕ್ಕೆ ಬರ್ತೀನಿ ಅಂದ್ರು. ನೀರು ಬಿಡೋದು ಮಧ್ಯಾಹ್ನ, ಅಷ್ಟರಲ್ಲಿ ಮುಗಿಸಿಬಿಡ್ತೀನಿ ಅಂದ್ರು."

"ಅದನ್ನು ಯಾವಾಗ ಹೇಳಿದ್ರು? ಹಿಂದಿನ ದಿನಾನಾ?"

"ಹಿಂದಿನ ದಿನ ಒಂದು ಸಲ. ಮತ್ತೆ ಬೆಳಿಗ್ಗೆ ಕೋಣೆಗೆ ಹೋಗಿ ಪರದೆ ನೋಡಿ, ಸಾಮಾನು ತಗೊಳ್ಳೋಕೆ ವಾಪಸ್ ಬಂದ್ರು. ಆಗ್ಲೂ ಅದನ್ನೇ ಹೇಳಿದ್ರು."

ಇನ್ಸ್‌ಪೆಕ್ಟರ್ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಪರದೆ ನೋಡಿದ ಮೇಲೂ ಅವನು ಮಧ್ಯಾಹ್ನ ಎಂದೇ ಹೇಳಿದ್ದ. ಅಷ್ಟು ಭಾರದ ಯಂತ್ರ ಹೊತ್ತು ಒಳಗೆ ಹೋಗಿದ್ದ. ಹತ್ತಕ್ಕೆ ನೀರು ಬರುತ್ತದೆಂದು ಓದಿದವನು ಅಂಥ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

"ಷಡ್ಡಕರಿಗೂ ಅವರಿಗೂ ಜಗಳ ಯಾತಕ್ಕೆ?"

ಅಕ್ಕತಂಗಿಯರು ಇಬ್ಬರೂ ತಲೆಯೆತ್ತಿದರು. ಉತ್ತರಿಸಿದ್ದು ಅಕ್ಕ.

"ನಮ್ಮ ಯಜಮಾನರ ಚಿಕ್ಕಪ್ಪ ಕೆಳಗಿನ ಗೇಟಲ್ಲಿ ಕಾವಲಿಗಿದ್ರು. ಹೋದ ವರ್ಷ ಕಾಲುವೇಲಿ ಬಟ್ಟೆ ತೊಳೀತಿದ್ದ ಒಬ್ಬಳು ತಾಯಿ, ಅವಳ ಮಗಳು ಕೊಚ್ಚಿಕೊಂಡು ಹೋದ್ರಲ್ಲ, ಆಗ ಸೈರನ್ ಹಾಕ್ಲಿಲ್ಲ ಅಂತ ಚಿಕ್ಕಪ್ಪನ ತಲೆಗೆ ಕಟ್ಟಿದ್ರು. ಕೆಲಸ ಹೋಯ್ತು. ಮೀನಣ್ಣನಿಗೆ ಏನೋ ಗೊತ್ತಿದೆ, ಬಾಯಿ ಬಿಡ್ತಿಲ್ಲ ಅಂತ ಇವರಿಗೆ ಸಿಟ್ಟು."

"ಏನು ಗೊತ್ತಿತ್ತು?"

"ನನಗೆ ಗೊತ್ತಿಲ್ಲ," ಎಂದಳು ಮೀನಣ್ಣನ ಹೆಂಡತಿ. "ಆದ್ರೆ ಹೋದ ವಾರ ಅಂದ್ರು, ಒಂದು ಭಾರ ಇಳಿಸಬೇಕು, ಆಮೇಲೆ ನಿನ್ನ ಅಕ್ಕನ ಮನೆಗೆ ಹೋಗೋಣ ಅಂತ."

*

ಷಡ್ಡಕ ಠಾಣೆಯ ಬೆಂಚಿನ ತುದಿಯಲ್ಲಿ ಕೂತಿದ್ದ. ಕೊಟ್ಟ ಚಹಾ ಹಾಗೇ ತಣ್ಣಗಾಗಿತ್ತು.

"ನಿಮ್ಮ ಪರದೆ ಮೇಲೆ ಏನಿತ್ತು?"

"ಹತ್ತು ಅಂತ. ನಲವತ್ತೊಂದನೇದು. ನನ್ನ ಕಣ್ಣಾರೆ ಓದಿದೆ."

"ಗೇಟು ತೆಗೆಯೋ ಮುಂಚೆ ಯಾರಿಗೂ ಹೇಳೋದಿಲ್ವಾ?"

"ಸೈರನ್ ಹಾಕ್ದೆ. ಅದು ಸುರಂಗದೊಳಗೆ ಕೇಳ್ಸಲ್ಲ. ಕೆಳಗಿನ ಗೇಟಿಗೆ ರೇಡಿಯೊದಲ್ಲಿ ಕರೆದೆ. ಬದಲಿಯವರ ನಂಬರು ಆದೇಶದಲ್ಲೇ ಇತ್ತು, ಹದಿನೇಳು. ಎರಡು ಸಲ ಕರೆದೆ. ಉತ್ತರ ಇಲ್ಲ."

"ಸುರಂಗದ ಕೋಣೆಗೆ?"

ಅವನು ಚಹಾ ಲೋಟವನ್ನು ದೂರ ತಳ್ಳಿದ.

"ಕರೆದೆ. ಎತ್ತಲಿಲ್ಲ. ವರ್ಷದಿಂದ ಅವನು ನನ್ನ ಕರೆ ಎತ್ತಿಲ್ಲ ಮೇಡಂ. ಇನ್ನೂ ಮುನಿಸು ಬಿಟ್ಟಿಲ್ಲ ಅಂದ್ಕೊಂಡೆ. ಗೇಟು ತೆಗೆದೆ."

ಇನ್ಸ್‌ಪೆಕ್ಟರ್ ಅವನನ್ನು ಅಳಲು ಬಿಟ್ಟರು. ಕಿಟಕಿಯ ಕಡೆ ತಿರುಗಿ ನಿಂತರು. ಸಮಾಧಾನ ಮಾಡುವುದು ಆಕೆಗೆ ಬರುತ್ತಿರಲಿಲ್ಲ. ಅವಸರ ಮಾಡದಿರುವುದು ಮಾತ್ರ ಬರುತ್ತಿತ್ತು.

"ಅವನಿಗೆ ಏನು ಗೊತ್ತಿತ್ತು? ಹೋದ ವರ್ಷದ್ದು."

"ಸೈರನ್ನಿನ ಮೋಟಾರು. ತಾಯಿ ಮಗಳು ಸತ್ತ ದಿನ ಕೆಳಗಿನ ಗೇಟಿನ ಸೈರನ್ ಪೆಟ್ಟಿಗೇಲಿ ಮೋಟಾರೇ ಇರಲಿಲ್ಲ. ಚಿಕ್ಕಪ್ಪ ಗುಂಡಿ ಒತ್ತಿದ್ರು, ಸದ್ದು ಬರಲಿಲ್ಲ. ಅದನ್ನು ಅಲ್ಲಿಂದ ಬಿಚ್ಚಿಸಿ ಬೇರೆ ಕಡೆ ಹಾಕ್ಸಿದ್ದು ಮೇಲ್ವಿಚಾರಕರು. ಮಾರನೇ ದಿನ ಮತ್ತೆ ತಂದು ಇಟ್ಟಿದ್ರು. ಚಿಕ್ಕಪ್ಪನ ಮಾತು ಯಾರೂ ನಂಬಲಿಲ್ಲ. ಹೆಣ ಎತ್ತೋಕೆ ಬಂದ ಮೀನಣ್ಣ ಖಾಲಿ ಪೆಟ್ಟಿಗೆ ನೋಡಿದ್ದ. ನನ್ನ ಹತ್ರ ಒಂದು ಸಲ ಬಾಯಿ ತಪ್ಪಿ ಅಂದ. ಹಾಗಾದ್ರೆ ಹೇಳು ಅಂದೆ. ಅನ್ನ ಕೊಟ್ಟವರ ವಿರುದ್ಧ ಹೇಗೆ ಹೇಳಲಿ ಅಂದ. ಅಲ್ಲಿಗೆ ಮಾತು ಬಿಟ್ಟೆ."

"ಈಗ ಹೇಳೋಕೆ ಒಪ್ಪಿದ್ನಾ?"

"ಚಿಕ್ಕಪ್ಪನ ಮನವಿ ಮತ್ತೆ ವಿಚಾರಣೆಗೆ ಬರ್ತಿದೆ. ಅಲ್ಲಿ ಹೇಳ್ತೀನಿ ಅಂತ ಹೋದ ವಾರ ನನ್ನ ಹೆಂಡತಿ ಕೈಲಿ ಹೇಳಿ ಕಳಿಸಿದ್ದ. ಮೊದಲು ಮೇಲ್ವಿಚಾರಕರಿಗೆ ಮುಖಕ್ಕೆ ಮುಖ ಹೇಳ್ತೀನಿ, ಬೆನ್ನ ಹಿಂದೆ ಮಾಡಲ್ಲ ಅಂತಾನೂ ಅಂದಿದ್ದ. ಅವನು ಹಾಗೇ."

ಪೇದೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಷಡ್ಡಕ ಹೊರಗೆ ಹೋದ ಮೇಲೆ ತಡೆಯಲಾರದೆ ಕೇಳಿದ.

"ಮೇಡಂ, ಮೇಲ್ವಿಚಾರಕ ಅಣೆಕಟ್ಟಿನ ಕಚೇರೀಲಿದ್ದ. ಗೇಟು ಇವನು ತೆಗೆದ. ಆದೇಶ ಇಂಜಿನಿಯರ್ ಬರೆದ್ರು. ಅವನು ಎಲ್ಲೂ ಬರೋದೇ ಇಲ್ವಲ್ಲ?"

"ಅದೇ ನನಗೂ ಹಿಡಿಸ್ತಿಲ್ಲ," ಎಂದರು ಇನ್ಸ್‌ಪೆಕ್ಟರ್.

*

ರೇಡಿಯೊ ಮೆಕ್ಯಾನಿಕ್ಕಿನ ಅಂಗಡಿ ಬಸ್ ನಿಲ್ದಾಣದ ಹಿಂದೆ. ಕಾಲಿಡಲು ಜಾಗವಿಲ್ಲ. ಬಿಚ್ಚಿಟ್ಟ ಪೆಟ್ಟಿಗೆಗಳು, ತಂತಿಯ ಸುರುಳಿಗಳು, ಒಂದು ಮೂಲೆಯಲ್ಲಿ ಮಲಗಿದ ಬೆಕ್ಕು. ಕಾಲುವೆಯ ನಾಲ್ಕು ಕಂಪ್ಯೂಟರುಗಳನ್ನು ಜೋಡಿಸಿದವನು ಇವನೇ.

"ಒಂದು ದೊಡ್ಡ ಕಂಪ್ಯೂಟರ್ ಇಟ್ಟು ಎಲ್ಲಾ ಅದರಿಂದಲೇ ನೋಡೋ ಹಾಗೆ ಯಾಕೆ ಮಾಡಲಿಲ್ಲ?"

"ಗುಡ್ಡ ಅಡ್ಡ ಇದೆ ಮೇಡಂ. ಒಂದು ತಂತಿ ಹೋದ್ರೆ ಎಲ್ಲರಿಗೂ ಕಣ್ಣು ಕಟ್ಟಿದ ಹಾಗೆ ಆಗ್ತಿತ್ತು. ಅದಕ್ಕೇ ಯಜಮಾನ ಅಂತ ಯಾರೂ ಇಲ್ಲ. ನಾಲ್ಕೂ ಸರಿಸಮಾನ. ನಾಲ್ಕರಲ್ಲೂ ಆದೇಶದ ಒಂದೊಂದು ಪ್ರತಿ. ದಿನಾ ಬೆಳಗಿನ ಜಾವ ಪಕ್ಕದ ಮನೆಯವರ ಹಾಗೆ ಒಬ್ಬರನ್ನೊಬ್ಬರು ಕೇಳ್ತವೆ. ಕಚೇರಿಯದು ಮೇಲಿನ ಗೇಟನ್ನ, ಮೇಲಿನ ಗೇಟು ಸುರಂಗದ ಕೋಣೆನ, ಅದು ಕೆಳಗಿನ ಗೇಟನ್ನ."

"ಏನಂತ ಕೇಳ್ತವೆ?"

"ನಿನ್ನ ಹತ್ರ ಎಷ್ಟನೇದು ಇದೆ ಅಂತ. ಒಬ್ಬನ ಹತ್ರ ನಲವತ್ತು, ಇನ್ನೊಬ್ಬನ ಹತ್ರ ನಲವತ್ತೊಂದು ಅಂದ್ರೆ ದೊಡ್ಡ ಸಂಖ್ಯೆಯದೇ ಹೊಸದು. ನಲವತ್ತರವನು ಅದನ್ನು ತಗೊಂಡು ತನ್ನದನ್ನು ಅಳಿಸಿಹಾಕ್ತಾನೆ. ಯಾರಾದ್ರೂ ತಿದ್ದಿದ್ರೆ ಸಂಖ್ಯೆ ಒಂದು ಮೇಲಕ್ಕೆ ಹೋಗುತ್ತೆ. ಅಷ್ಟೇ ಲೆಕ್ಕ."

ಇನ್ಸ್‌ಪೆಕ್ಟರ್ ಬೆಕ್ಕನ್ನು ನೋಡುತ್ತ ಯೋಚಿಸಿದರು.

"ಇಬ್ಬರ ಹತ್ರವೂ ನಲವತ್ತೊಂದೇ ಇದ್ರೆ?"

"ಸುಮ್ಮನಿರ್ತವೆ. ಇಬ್ಬರದೂ ಒಂದೇ, ಕೊಡೋದು ತಗೊಳ್ಳೋದು ಏನೂ ಇಲ್ಲ ಅಂತ."

"ಸಂಖ್ಯೆ ಒಂದೇ, ಒಳಗೆ ಬರೆದದ್ದು ಬೇರೆ ಬೇರೆ ಇದ್ರೆ?"

ಮೆಕ್ಯಾನಿಕ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಮುಖದ ಬಣ್ಣ ಇಳಿಯಿತು.

"ಒಳಗೆ ಏನಿದೆ ಅಂತ ಅವು ಕೇಳಲ್ಲ ಮೇಡಂ. ಕೇಳೋ ಹಾಗೆ ಮಾಡಬಹುದಿತ್ತು. ಬರೀ ಸಂಖ್ಯೆ ಸಾಕು ಅಂದ್ಕೊಂಡೆ. ತಿದ್ದೋದಕ್ಕೆ ಗುಪ್ತಪದ ಬೇಕು, ಅದು ಇಬ್ಬರ ಹತ್ರ ಮಾತ್ರ ಇತ್ತು."

"ಯಾರು ಯಾರು?"

"ಇಂಜಿನಿಯರ್ ಸಾಹೇಬ್ರು. ಮೇಲ್ವಿಚಾರಕರು. ಸಾಹೇಬ್ರು ಕಚೇರಿಯಿಂದಲೇ ಬರೀತಾರೆ. ಮೇಲ್ವಿಚಾರಕರ ಹತ್ರ ಲ್ಯಾಪ್‌ಟಾಪ್ ಇದೆ, ಯಾವ ಗೇಟಿಗೆ ಬೇಕಾದ್ರೂ ತಂತಿ ಚುಚ್ಚಿ ಹಾಕಬಹುದು, ಸಂಖ್ಯೆನೂ ಕೈಯಾರೆ ಬರೀಬಹುದು."

"ಮೀನಣ್ಣ ಸಾಯೋ ಹಿಂದಿನ ದಿನ ಸಂಜೆ ಮೇಲ್ವಿಚಾರಕರು ಎಲ್ಲಿದ್ರು, ಗೊತ್ತಾ?"

"ಸುರಂಗದ ಕೋಣೆಗೆ ಹೋಗಿದ್ರು. ಹೊಸ ಹಗ್ಗ ಕೊಡೋಕೆ. ನನ್ನ ಅಂಗಡಿ ಮುಂದೇನೇ ಜೀಪು ನಿಲ್ಲಿಸಿ ಹೇಳಿದ್ರು."

ಇನ್ಸ್‌ಪೆಕ್ಟರ್ ಎದ್ದರು. ಆದರೆ ಪೇದೆಯೇ ಬೇಸರದಿಂದ ಮಾತು ಮುಗಿಸಿದ.

"ಏನಾದ್ರೇನು ಮೇಡಂ. ಈಗ ಎಲ್ಲಾ ಕಡೆ ನಲವತ್ತೆರಡು ಕೂತಿದೆ. ಹಿಂದಿನದು ಒಂದೂ ಉಳಿದಿಲ್ಲ."

"ಎಲ್ಲಾ ಕಡೆ ಅಲ್ಲ," ಎಂದ ಮೆಕ್ಯಾನಿಕ್. "ಕೆಳಗಿನ ಗೇಟಿನದು ಆ ದಿನದಿಂದಲೇ ಸತ್ತು ಬಿದ್ದಿದೆ. ಬ್ಯಾಟರಿ ಹೋಗಿದೆಯಂತೆ. ನಾನೇ ಹಾಕಿ ಬರ್ತೀನಿ ಅಂದೆ. ಬೇಡ, ನಾನೇ ಹಾಕ್ತೀನಿ ಅಂತ ಮೇಲ್ವಿಚಾರಕರು ಈಗಷ್ಟೇ ಬ್ಯಾಟರಿ ತಗೊಂಡು ಹೋದ್ರು."

"ಅದು ಹೊತ್ತಿಕೊಂಡರೆ ಏನಾಗುತ್ತೆ?"

"ಹೊತ್ತಿಕೊಂಡ ಕೂಡಲೇ ಪಕ್ಕದವರನ್ನ ಒಂದು ಸಲ ಕೇಳುತ್ತೆ. ನಲವತ್ತೆರಡು ಬಂದು ಕೂರುತ್ತೆ."

ನಿಧಾನಮ್ಮ ಜೀಪಿನ ಕಡೆಗೆ ಓಡಿದ್ದನ್ನು ಪೇದೆ ತನ್ನ ಸರ್ವೀಸಿನಲ್ಲೇ ಮೊದಲ ಸಲ ಕಂಡ. ಮೆಕ್ಯಾನಿಕ್ ಬರಿಗಾಲಲ್ಲೇ ಹಿಂದೆ ಹತ್ತಿದ.

*

ಕೆಳಗಿನ ಗೇಟಿನ ಮುಂದೆ ಮೇಲ್ವಿಚಾರಕನ ಜೀಪು ನಿಂತಿತ್ತು. ಹೊಸ ಬ್ಯಾಟರಿ ಹೊಸ್ತಿಲ ಮೇಲಿತ್ತು. ಬಾಗಿಲಿಗೆ ಅಡ್ಡವಾಗಿ ಬದಲಿ ಆಪರೇಟರ್ ನಿಂತಿದ್ದಳು. ಎರಡು ಕೈಗಳನ್ನೂ ಚೌಕಟ್ಟಿಗೆ ಒತ್ತಿ ಹಿಡಿದಿದ್ದಳು.

"ಬುದ್ಧಿ ಇದೆಯೇನಮ್ಮ? ಆಚೆ ಸರಿ," ಎನ್ನುತ್ತಿದ್ದ ಮೇಲ್ವಿಚಾರಕ.

"ಪೊಲೀಸರು ಬರಲಿ ಸಾರ್. ಅವರಿಗೆ ನಾನೊಂದು ಮಾತು ಹೇಳೋದಿದೆ. ಅಲ್ಲೀವರೆಗೆ ಇದನ್ನ ಮುಟ್ಟೋದು ಬೇಡ."

ಇನ್ಸ್‌ಪೆಕ್ಟರನ್ನು ಕಂಡು ಅವಳ ಕೈ ಸಡಿಲವಾಯಿತು. ಮೇಲ್ವಿಚಾರಕ ತಿರುಗಿದ. ಮುಖದಲ್ಲಿ ಬೇಸರವಷ್ಟೇ ಇತ್ತು.

"ನೋಡಿ ಮೇಡಂ, ಸರ್ಕಾರಿ ಕೆಲಸಕ್ಕೆ ಅಡ್ಡಿ."

"ಸ್ವಲ್ಪ ಕೂತ್ಕೊಳ್ಳಿ ಸಾರ್. ನನಗೂ ಕಾಲು ನೋವು, ಕೂತೇ ಮಾತಾಡೋಣ," ಎಂದರು ಇನ್ಸ್‌ಪೆಕ್ಟರ್. ಪೇದೆ ಅವನ ಪಕ್ಕಕ್ಕೆ ಬಂದು ನಿಂತ.

ಆಮೇಲೆ ಅವಳ ಕಡೆ ತಿರುಗಿದರು.

"ಆ ದಿನ ನಿಮ್ಮ ಚಪ್ಪಲಿ ಎಲ್ಲಿ ಹೋಯ್ತು?"

ಅವಳು ತುಟಿ ಕಚ್ಚಿದಳು. ಹೇಳದೆ ಇಟ್ಟುಕೊಂಡದ್ದು ಒಮ್ಮೆಗೇ ಹೊರಬಂತು.

"ನೀರಲ್ಲಿ ಕೊಚ್ಚಿಕೊಂಡು ಹೋಯ್ತು ಮೇಡಂ. ನಾನು ಕಾಲುವೆ ಒಳಗೇ ಇದ್ದೆ. ಗೇಟಿನ ಕೆಳಗೆ ಕಸ ತುಂಬಿತ್ತು, ತೆಗೀತಿದ್ದೆ. ಮಧ್ಯಾಹ್ನದವರೆಗೆ ನೀರು ಬರಲ್ಲ ಅಂತ ಪರದೆ ಮೇಲಿತ್ತು. ನೀರಿನ ಸದ್ದು ಕೇಳ್ತು. ಏಣಿ ಹಿಡಿದು ಹೇಗೋ ಮೇಲೆ ಬಂದೆ. ಆಮೇಲೆ ಎಲ್ಲರೂ ಹತ್ತು ಅಂತ ಇತ್ತು ಅಂದ್ರು. ನಾನೇ ತಪ್ಪು ಓದಿದ್ನಾ ಅಂತ ತಲೆ ಕೆಟ್ಟುಹೋಯ್ತು. ಸರಿಯಾಗಿ ಓದಿದ್ರೆ ಮೀನಣ್ಣನಿಗೆ ಹೇಳಬಹುದಿತ್ತಲ್ಲ ಅಂತ. ಮತ್ತೆ ನೋಡೋಕೆ ಹೆದರಿಕೆ ಆಗಿ ಬ್ಯಾಟರಿ ತಂತಿ ಕಿತ್ತುಬಿಟ್ಟೆ. ಬ್ಯಾಟರಿ ಹೋಗಿದೆ ಅಂತ ಸುಳ್ಳು ಹೇಳಿದೆ."

"ಇವತ್ತು ಯಾಕೆ ಅಡ್ಡ ನಿಂತ್ರಿ?"

"ನಿಜ ಏನು ಅಂತ ಗೊತ್ತಾಗಲಿ ಅಂತ. ನನ್ನದೇ ತಪ್ಪಾದ್ರೂ ಸರಿ."

ಮೆಕ್ಯಾನಿಕ್ ಮೊದಲು ಮಾಳಿಗೆ ಹತ್ತಿ ಆಂಟೆನಾದ ತಂತಿ ಬಿಚ್ಚಿದ. ಕೆಳಗಿಳಿದು ಅದರ ತುದಿಯನ್ನು ಇನ್ಸ್‌ಪೆಕ್ಟರ್ ಕೈಗೆ ಕೊಟ್ಟ. ಈಗ ಈ ಯಂತ್ರಕ್ಕೆ ಯಾರ ಮಾತೂ ಕೇಳಿಸುವಂತಿಲ್ಲ. ಆಮೇಲೆ ಬ್ಯಾಟರಿ ಜೋಡಿಸಿದ. ಪರದೆ ಮೆಲ್ಲಗೆ ಬೆಳಗಿತು.

ಗೇಟು ಆದೇಶ, ನಲವತ್ತೊಂದನೆಯ ಆವೃತ್ತಿ. ಮೇಲಿನ ಗೇಟು ತೆಗೆಯುವ ಸಮಯ: ಮಧ್ಯಾಹ್ನ ಹನ್ನೆರಡು.

ಬದಲಿ ಆಪರೇಟರ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೀನಣ್ಣ ತಪ್ಪು ಓದಿರಲಿಲ್ಲ. ಅವಳೂ ತಪ್ಪು ಓದಿರಲಿಲ್ಲ.

*

ಇನ್ಸ್‌ಪೆಕ್ಟರ್ ಮುಖ್ಯ ಇಂಜಿನಿಯರನ್ನು ಕರೆಸಿದರು. ಅವರು ಬಂದು ಪರದೆ ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು.

"ಇದು ನಾನು ಬರೆದದ್ದಲ್ಲ," ಎಂದರು.

"ಬರೆದದ್ದು ನಾನು," ಎಂದ ಮೇಲ್ವಿಚಾರಕ.

ಎಲ್ಲರೂ ತಿರುಗಿದರು. ಅವನು ಹಣೆಯ ಬೆವರು ಒರೆಸಿಕೊಂಡ. ದನಿ ಮಾತ್ರ ಸ್ಥಿರವಾಗಿತ್ತು.

"ಈಗ ಅರ್ಥ ಆಯ್ತು ಏನಾಗಿದೆ ಅಂತ. ಆ ಸಂಜೆ ಸುರಂಗದ ಕೋಣೇಲಿ ಕೂತು ನಾನೂ ಆದೇಶ ತಿದ್ದಿದೆ. ಬದಲಿಯವರ ವಿಷಯ ಸೇರಿಸಬೇಕಿತ್ತು. ಅದೇ ಹೊತ್ತಲ್ಲಿ ಸಾಹೇಬ್ರು ಕಚೇರೀಲಿ ತಿದ್ದಿದ್ದಾರೆ. ಅವರದು ನನಗೆ ಗೊತ್ತಿಲ್ಲ, ನನ್ನದು ಅವರಿಗೆ ಗೊತ್ತಿಲ್ಲ. ಇಬ್ಬರೂ ನಲವತ್ತರ ಮೇಲೆ ಬರೆದ್ವಿ, ಇಬ್ಬರದೂ ನಲವತ್ತೊಂದು ಆಯ್ತು. ನನ್ನದರಲ್ಲಿ ಹಳೇ ಸಮಯವೇ ಉಳೀತು. ಇದು ವ್ಯವಸ್ಥೆಯ ದೋಷ ಮೇಡಂ. ದುರದೃಷ್ಟ. ಕೊಲೆ ಅಲ್ಲ."

ಮೆಕ್ಯಾನಿಕ್ ನೆಲ ನೋಡಿದ. ಹಾಗೆ ಆಗಲು ಸಾಧ್ಯವಿತ್ತು. ಪೇದೆ ಇನ್ಸ್‌ಪೆಕ್ಟರ್ ಮುಖ ನೋಡಿದ.

ಇನ್ಸ್‌ಪೆಕ್ಟರ್ ಅವಸರ ಮಾಡಲಿಲ್ಲ. ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಒಂದೊಂದೇ ಸಾಲು ಬೆರಳಿಟ್ಟು ಓದಿದರು.

"ಇಂಜಿನಿಯರ್ ಸಾರ್, ನೀವು ಆ ಸಂಜೆ ಬದಲಿಯವರ ರೇಡಿಯೊ ನಂಬರು ಎಷ್ಟು ಅಂತ ಬರೆದ್ರಿ?"

"ಹದಿನೇಳು."

"ಅಮ್ಮ, ನಿಮ್ಮ ರೇಡಿಯೊ ನಂಬರು?"

ಅವಳು ಕಣ್ಣೊರೆಸಿಕೊಂಡಳು. "ಎಪ್ಪತ್ತೊಂದು ಮೇಡಂ. ಈ ಸಾರೇ ರೇಡಿಯೊ ಕೊಟ್ಟದ್ದು."

ಇಂಜಿನಿಯರ್ ಬಾಯಿ ಸ್ವಲ್ಪ ತೆರೆಯಿತು. "ಅಯ್ಯೋ, ಅಂಕಿ ಹಿಂದುಮುಂದಾಗಿದೆ. ಕಣ್ಣು ಸರಿ ಇಲ್ಲ ನನಗೆ."

"ಅದಕ್ಕೇ ಮೇಲಿನ ಗೇಟಿನಿಂದ ಎರಡು ಸಲ ಕರೆದರೂ ಇವರಿಗೆ ಕೇಳಿಸಲಿಲ್ಲ. ನಿಮ್ಮ ಕಣ್ಣಿನ ತಪ್ಪು ಅದು, ಆಗುತ್ತೆ," ಎಂದರು ಇನ್ಸ್‌ಪೆಕ್ಟರ್. ಆಮೇಲೆ ಮೇಲ್ವಿಚಾರಕನ ಕಡೆ ತಿರುಗಿದರು. "ನಿಮ್ಮ ಕಣ್ಣು ಚೆನ್ನಾಗಿದೆ. ಇವರ ನಂಬರು ನಿಮಗೆ ಗೊತ್ತು, ಆ ರೇಡಿಯೊ ಕೊಟ್ಟವರೇ ನೀವು. ಆದರೆ ನಿಮ್ಮ ನಲವತ್ತೊಂದರಲ್ಲೂ ಹದಿನೇಳು ಅಂತಲೇ ಇದೆ."

ಇನ್ಸ್‌ಪೆಕ್ಟರ್ ಪರದೆಯ ಆ ಸಾಲಿನ ಮೇಲೆ ಬೆರಳಿಟ್ಟರು.

"ಸರಿಯಾದದ್ದನ್ನು ಇಬ್ಬರು ಬೇರೆ ಬೇರೆ ಕೂತು ಒಂದೇ ಥರ ಬರೆಯಬಹುದು. ಒಂದೇ ತಪ್ಪನ್ನ ಇಬ್ಬರೂ ಅದೇ ಸಂಜೆ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಮಾಡೋದು ಹೇಗೆ? ನೀವು ಸಾಹೇಬರು ಬರೆದದ್ದನ್ನ ನೋಡಿದ್ರಿ. ಕಚೇರಿಯಲ್ಲೇ ಲ್ಯಾಪ್‌ಟಾಪಿಗೆ ಇಳಿಸಿಕೊಂಡ್ರಿ. ಹತ್ತನ್ನ ಅಳಿಸಿ ಹನ್ನೆರಡು ಮಾಡಿದ್ರಿ. ಉಳಿದದ್ದನ್ನ ಹಾಗೇ ಬಿಟ್ರಿ. ನಲವತ್ತೊಂದನ್ನ ತಿದ್ದಿದ್ರೆ ಅದು ನಲವತ್ತೆರಡು ಆಗಬೇಕಿತ್ತು. ಆಗಿದ್ರೆ ಬೆಳಿಗ್ಗೆ ಎಲ್ಲಾ ಕಡೆಗೂ ಹನ್ನೆರಡು ಅಂತ ಹೋಗ್ತಿತ್ತು, ಹತ್ತಕ್ಕೆ ಗೇಟು ತೆಗೀತಿರಲಿಲ್ಲ. ಅದಕ್ಕೇ ಸಂಖ್ಯೆ ಮಾತ್ರ ನಲವತ್ತೊಂದೇ ಇಟ್ರಿ."

ಮೆಕ್ಯಾನಿಕ್ ಮೆಲ್ಲಗೆ ಹೇಳಿದ, "ಸುರಂಗದ ಕಂಪ್ಯೂಟರಿಗೆ ಕಿವಿ ಮುಚ್ಚಿದ ಹಾಗೆ."

"ಹೌದು. ಹಳೇ ನಲವತ್ತೇ ಇದ್ದಿದ್ರೆ ಅದು ಬೆಳಿಗ್ಗೆ ಮೇಲಿನ ಗೇಟಿನಿಂದ ಹತ್ತರ ಆದೇಶ ತಗೊಳ್ತಿತ್ತು. ನಿನ್ನ ಹತ್ರ ಎಷ್ಟನೇದು ಅಂತ ಮೇಲಿನ ಗೇಟು ಕೇಳಿದಾಗ ಸುರಂಗದ್ದು ನಲವತ್ತೊಂದು ಅಂತು. ಸರಿ ಅಂತ ಅದು ಸುಮ್ಮನಾಯ್ತು. ಮೀನಣ್ಣ ಮೂರು ಸಲ ಓದಿದ. ಮೂರು ಸಲವೂ ನೀವು ಬರೆದದ್ದನ್ನೇ ಓದಿದ. ಅವನು ಸತ್ತ ಕೂಡಲೇ, ಹೆಣ ಎತ್ತೋದಕ್ಕೂ ಮೊದಲೇ, ನಲವತ್ತೆರಡು ಹಾಕಿದ್ರಿ. ಎಲ್ಲರೂ ನಿಮ್ಮನ್ನ ಹೊಗಳಿದ್ರು. ಇದೊಂದು ಯಂತ್ರ ಹೊರಗುಳೀತು. ಆ ಬೆಳಿಗ್ಗೆ ಸುರಂಗದ ಕೋಣೆಯಿಂದ ಇದಕ್ಕೂ ನಿಮ್ಮ ಪ್ರತಿಯೇ ಬಂದಿತ್ತು. ಈಯಮ್ಮ ಹೆದರಿ ತಂತಿ ಕೀಳ್ತಾರೆ ಅಂತ ನಿಮ್ಮ ಲೆಕ್ಕದಲ್ಲಿರಲಿಲ್ಲ."

ಕಿಟಕಿಯಾಚೆ ಕಾಲುವೆ ಹರಿಯುತ್ತಿತ್ತು. ಮೇಲ್ವಿಚಾರಕ ಅದನ್ನೇ ನೋಡುತ್ತ ಕೂತಿದ್ದ.

"ಮುಖಕ್ಕೆ ಮುಖ ಬಂದು ಹೇಳಿದ," ಎಂದ. "ಸಾರ್, ಸೈರನ್ ವಿಷಯ ಹೇಳಿಬಿಡ್ತೀನಿ, ನೀವೇ ಮೊದಲು ಒಪ್ಪಿಕೊಳ್ಳಿ, ಮರ್ಯಾದೆ ಉಳಿಯುತ್ತೆ ಅಂದ. ನನಗೇ ಬುದ್ಧಿ ಹೇಳಿದ. ನಾನು ಕೊಡಿಸಿದ ಕೆಲಸ. ಮೋಟಾರು ಬಿಚ್ಚಿಸಿದ್ದು ಒಂದು ವಾರಕ್ಕೆ ಅಂತ. ಮರೆತುಹೋಯ್ತು. ಮರೆತದ್ದಕ್ಕೆ ಎರಡು ಜೀವ ಹೋಯ್ತು ಅಂತ ಹೇಗೆ ಹೇಳೋದು? ನನಗೂ ಮಗಳಿದ್ದಾಳೆ."

"ಆ ನೀರಲ್ಲಿ ಹೋದವಳೂ ಒಬ್ಬರ ಮಗಳೇ," ಎಂದಳು ಬದಲಿ ಆಪರೇಟರ್. ಅವಳು ಹೇಳಿದ್ದು ಅಷ್ಟೇ.

ಪೇದೆ ಅವನ ಲ್ಯಾಪ್‌ಟಾಪನ್ನು ಜೀಪಿನಿಂದ ತಂದು ಚೀಲಕ್ಕೆ ಹಾಕಿ ಮೊಹರು ಮಾಡಿದ. ಇನ್ಸ್‌ಪೆಕ್ಟರ್ ಕೈಯಲ್ಲಿ ಇನ್ನೂ ಆಂಟೆನಾದ ತಂತಿ ಇತ್ತು. ಅಷ್ಟು ಹೊತ್ತೂ ಬಿಗಿಯಾಗಿ ಹಿಡಿದೇ ಕೂತಿದ್ದರು. ಅಂಗೈಯಲ್ಲಿ ಅದರ ಗುರುತು ಬಿದ್ದಿತ್ತು.

*

ಷಡ್ಡಕನನ್ನು ಇನ್ಸ್‌ಪೆಕ್ಟರೇ ಜೀಪಿನಲ್ಲಿ ಕರೆತಂದರು. ಮೀನಣ್ಣನ ಬೀದಿಯ ತುದಿ ಬಂದಾಗ ಅವನು ಇಲ್ಲೇ ಇಳಿಸಿ ಎಂದ. ಮನೆಯ ಮುಂದೆ ಹೋಗಿ ನಿಂತ. ಬಾಗಿಲು ತೆರೆದೇ ಇತ್ತು. ಒಳಗೆ ಹೋಗಲಿಲ್ಲ.

ಮೀನಣ್ಣನ ಹೆಂಡತಿ ಹೊರಗೆ ಬಂದಳು. ವಿಷಯ ಅವಳಿಗೆ ಆಗಲೇ ತಲುಪಿತ್ತು.

"ಬನ್ನಿ ಭಾವ."

"ತೆಗೆದದ್ದು ನನ್ನ ಕೈಯೇ ತಂಗೀ."

ಅದು ಸುಳ್ಳಲ್ಲ. ಯಾವ ಪೊಲೀಸರೂ ಅದನ್ನು ಸುಳ್ಳು ಮಾಡಲಾರರು. ಜೀಪಿನಲ್ಲಿ ಕೂತಿದ್ದ ಇನ್ಸ್‌ಪೆಕ್ಟರಿಗೂ ಅದು ಗೊತ್ತಿತ್ತು.

"ಚಿಕ್ಕಪ್ಪನ ವಿಚಾರಣೆ ಯಾವತ್ತು?" ಎಂದು ಕೇಳಿದಳು ಅವಳು.

"ಸೋಮವಾರ."

"ನಾನೂ ಬರ್ತೀನಿ. ಇವರು ಹೇಳಬೇಕು ಅಂತಿದ್ದದ್ದನ್ನ ಇವರ ಪರವಾಗಿ ಯಾರಾದ್ರೂ ಹೇಳಬೇಕಲ್ಲ. ನನಗೆ ಪೂರ್ತಿ ಗೊತ್ತಿಲ್ಲ. ನೀವು ಹೇಳಿಕೊಡಿ."

ಅವನು ತಲೆಯಾಡಿಸಿದ. ಚಪ್ಪಲಿ ಕಳಚಿದ. ತಲೆ ಬಗ್ಗಿಸಿ ಒಳಗೆ ಹೋದ.